ಕೆಂದಿಗೆ ಮಲಯಾಳಂ ಪಾಠ

ವಯನಾಡು ಜಿಲ್ಲೆಯಾಗಿ ಆಗಿನ್ನೂ ನಾಲ್ಕೈದು ವರ್ಷ. ಕಬಿನಿ ದಂಡೆಯ ನಮ್ಮ ಹೈಸ್ಕೂಲಿಗೂ ಕಸುಬು ಕಲಿಸುವ ಯೋಗ ಬಂದು, ಹೆಂಚಿನ ಕಟ್ಟಡದ ಹಿಂದೆ ತಗಡಿನ ಶೆಡ್ಡೊಂದು ಎದ್ದಿತು. ಮುಂದುಗಡೆ ಗಣಿತ, ರಸಾಯನಶಾಸ್ತ್ರ, ಚರಿತ್ರೆ. ಹಿಂದುಗಡೆ ಹೊಲಿಗೆ, ಹೈನುಗಾರಿಕೆ. ಗಣಿತದ ಮೇಷ್ಟ್ರು ಪದ್ಮನಾಭನ್ ಮಾಷ್ ನಮ್ಮನ್ನು ಸಗಣಿ ಡಿಪಾರ್ಟ್‌ಮೆಂಟ್ ಎಂದೇ ಕರೆಯುತ್ತಿದ್ದರು. ನಾನು ಆ ಡಿಪಾರ್ಟ್‌ಮೆಂಟಿನ ಮೊದಲ ತಂಡದವಳು. ಹೇಳಿಕೊಳ್ಳಲು ಇವತ್ತಿಗೂ ನನಗೇನೂ ನಾಚಿಕೆಯಿಲ್ಲ.

ಹೈನುಗಾರಿಕೆ ಕಲಿಸಲು ಬಂದವರು ಕೊಳವಳ್ಳಿಯ ಗುರುಬಸಮ್ಮ ಟೀಚರ್. ಗಟ್ಟಿ ಕೈ, ಗಟ್ಟಿ ದನಿ. ಆದರೆ ಸ್ಟಾಫ್ ರೂಮಿಗೆ ಕಾಲಿಟ್ಟರೆ ಬಾಯಿಗೆ ಬೀಗ. ಸೇರಿದ ಹೊಸದರಲ್ಲಿ ಒಮ್ಮೆ ಮಾತಿನ ಮಧ್ಯೆ ಮನೆಯ ಕನ್ನಡ ನುಸುಳಿ, ಪದ್ಮನಾಭನ್ ಮಾಷ್ ನಕ್ಕು, ಉಳಿದವರೂ ಗೊಳ್ಳೆಂದಿದ್ದರಂತೆ. ಅಂದಿನಿಂದ ಗೇಟು ದಾಟಿದರೆ ಬರೀ ಮಲಯಾಳಂ. ನನ್ನ ಮನೆಮಾತೂ ಕನ್ನಡವೇ. ನಾನು ಬಾಯಿ ತೆರೆದರೆ ಸಾಕು, "ಇಲ್ಲಿ ಬ್ಯಾಡ ಕಣವ್ವ" ಎಂದು ಪಿಸುಗುಟ್ಟುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಫಜೀತಿ ಶುರುವಾದದ್ದು ಕೆಂದಿಯಿಂದ. ಆ ಕೆಂಪು ಹಸುವನ್ನು ಬೇಸಿಗೆಯಲ್ಲಿ ಹೊಳೆ ದಾಟಿಸಿ ಕರ್ನಾಟಕದ ಕಡೆಯಿಂದ ತಂದಿದ್ದರು. ಸಾಕಿದ ಅಜ್ಜಿ ಹಾಲು ಕರೆಯುವಷ್ಟು ಹೊತ್ತೂ ಅದರ ಜೊತೆ ಹರಟುತ್ತಿದ್ದಳಂತೆ. ಆ ಮಾತು ಕಿವಿಗೆ ಬೀಳದಿದ್ದರೆ ಕೆಂದಿ ಝಾಡಿಸಿ ಒದೆಯುತ್ತಿತ್ತು. ಬೇರೆಯವರಾಗಿದ್ದರೆ ನಮಗೆಲ್ಲ ನಾಲ್ಕು ಕನ್ನಡ ಮಾತು ಕಲಿಸುತ್ತಿದ್ದರು. ನಮ್ಮ ಟೀಚರ್ ಹಸುವಿಗೇ ಮಲಯಾಳಂ ಕಲಿಸಲು ಹೊರಟರು! ದಿನವೂ "ವಾ ಮೋಳೇ, ವಾ", ಅಂದರೆ ಬಾ ಮಗಳೇ ಬಾ, ಎಂದು ಪಾಠ. ಕೆಂದಿ ಬಾಲ ಬೀಸಿಕೊಂಡು ಗೋಡೆ ನೋಡುತ್ತಿತ್ತು.

ಆದರೂ ಬೆಳಿಗ್ಗೆ ನಾವು ಬರುವಷ್ಟರಲ್ಲಿ ಬಕೆಟ್ ತುಂಬಿರುತ್ತಿತ್ತು. ಅದೇನು ಮಾಯೆ ಎಂದು ನಾನೂ ನನ್ನ ತಂಡದ ಮಲಯಾಳಿ ಗೆಳತಿ ಅಮ್ಮುವೂ ಬೇಗ ಬಂದು ಹುಲ್ಲಿನ ಮೆದೆಯ ಹಿಂದೆ ಅಡಗಿದೆವು. ಟೀಚರ್ ಕೆಂದಿಯ ಹೊಟ್ಟೆಗೆ ತಲೆಯಾನಿಸಿ, ಸ್ಟಾಫ್ ರೂಮಿನ ದೂರನ್ನೆಲ್ಲ ಕನ್ನಡದಲ್ಲಿ ಅದರ ಮುಂದೆ ಸುರಿಯುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಅಮ್ಮುವಿಗೆ ಒಂದಕ್ಷರ ಅರ್ಥವಾಗಲಿಲ್ಲ. ಆದರೆ ಬಾಯಿಪಾಠದಲ್ಲಿ ಅವಳು ಎತ್ತಿದ ಕೈ. ಆಮೇಲೆ ದಿನವೂ ಬಂದು ಕೇಳತೊಡಗಿದಳು.

ಪ್ರಾಕ್ಟಿಕಲ್ ಪರೀಕ್ಷೆ ಬಂತು. ಒಬ್ಬೊಬ್ಬರೂ ಹಾಲು ಕರೆದು ತೋರಿಸಬೇಕು. ಮಕ್ಕಳು ಫೇಲಾದರೆ ಮುಂದಿನ ವರ್ಷ ಹೈನುಗಾರಿಕೆಯೂ ಇಲ್ಲ, ತಾತ್ಕಾಲಿಕ ಹುದ್ದೆಯ ಟೀಚರೂ ಇಲ್ಲ ಎಂದು ಹೆಡ್‌ಮಾಸ್ಟರು ಮೊದಲೇ ಹೇಳಿಬಿಟ್ಟಿದ್ದರು. ಹೊರಗಿನಿಂದ ಬಂದ ಪರೀಕ್ಷಕರು ಕುರ್ಚಿ ಹಾಕಿಸಿಕೊಂಡು ಕೂತರು. ಪಕ್ಕದಲ್ಲಿ, ತಮಾಷೆ ನೋಡಲೆಂದೇ ಬಂದ ಪದ್ಮನಾಭನ್ ಮಾಷ್. ಮೊದಲು ಕೂತ ನಾರಾಯಣಿಯ ಬಕೆಟ್ ಒಂದೇ ಒದೆಗೆ ಅಂಗಳಕ್ಕೆ ಹಾರಿತು. ಅವಳ ನಂತರದ ಕೌಸಲ್ಯಳಿಗೂ ಅದೇ ಗತಿ. ಟೀಚರ್ ಮುಖ ಬಿಳಿಚಿಕೊಂಡಿತು. ಅದನ್ನು ನೋಡಿ ನನಗೆ ಅಳುವೇ ಬಂತು.

ಮೂರನೆಯವಳು ಅಮ್ಮು. ಕೆಂದಿಯ ಹೊಟ್ಟೆಗೆ ತಲೆಯಾನಿಸಿ, ಪದ್ಯ ಒಪ್ಪಿಸುವ ಧಾಟಿಯಲ್ಲಿ ಶುರುಮಾಡಿದಳು:

"ನಿಂತ್ಕಳವ್ವ ನನ್ ತಾಯಿ. ಆ ಪದ್ಮನಾಭನ್ ಮಾಷಿಗೆ ಮೀಸೆ ಒಂದ್ ಬಿಟ್ರೆ ಇನ್ನೇನೈತೆ ಹೇಳು? ಪೊರಕೆ ತಂದು ಮೂಗಿನ್ ಕೆಳಗೆ ಅಂಟಿಸ್ಕಂಡವ್ನೆ! ನಮ್ ಮಾತಿಗೆ ನಗ್ತಾನಂತೆ, ನಗ್ತಾನೆ..."

ಚೊರ್ ಚೊರ್ ಎಂದು ಹಾಲು ಇಳಿಯಿತು. ಟೀಚರ್ ಸೆರಗಿನಿಂದ ಮುಖ ಮುಚ್ಚಿಕೊಂಡರು. ಹೊಳೆಯಾಚೆಯ ಸಂತೆಗೆ ವಾರವಾರ ಹೋಗುವ ಮಾಷಿಗೆ ಕನ್ನಡ ಚೆನ್ನಾಗಿ ತಿಳಿಯುತ್ತದೆಂದು ನಮಗೆಲ್ಲ ಗೊತ್ತಿತ್ತು.

"ಈ ಹುಡುಗಿ ಏನು ಹೇಳುತ್ತಿದ್ದಾಳೆ?" ಎಂದು ಪರೀಕ್ಷಕರು ಮಲಯಾಳಂನಲ್ಲಿ ಕೇಳಿದರು.

ಕೆಂಪೇರಿದ್ದ ಮಾಷ್ ತುಂಬಿದ ಬಕೆಟನ್ನು ನೋಡಿದರು, ಸೆರಗಿನ ಹಿಂದೆ ಅಡಗಿದ್ದ ಟೀಚರನ್ನು ನೋಡಿದರು.

"ಲಾಲಿ ಹಾಡು ಸಾರ್," ಎಂದರು. "ಇಲ್ಲಿಯ ಕನ್ನಡದವರದು. ಇದನ್ನು ಕೇಳದೆ ಈ ಹಸು ಹಾಲು ಕೊಡುವುದಿಲ್ಲ."

"ಹಾಗಾದರೆ ಎಲ್ಲರೂ ಹಾಡಲಿ. ಮೊದಲಿನ ಇಬ್ಬರೂ ಮತ್ತೆ ಕೂರಲಿ," ಎಂದರು ಪರೀಕ್ಷಕರು. ಟೀಚರ್ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಬಾಯಿ ಬಿಟ್ಟು ಮಾತಾಡ್ರೇ ಮಕ್ಳಾ!" ಎಂದು ಕನ್ನಡದಲ್ಲೇ ಗದರಿದರು. ನಾವೆಲ್ಲ ಪಾಸಾದೆವು, ವಿಭಾಗವೂ ಉಳಿಯಿತು.

ಪರೀಕ್ಷಕರ ಜೀಪು ಹೊರಟ ಮೇಲೆ ಮಾಷ್ ಕೊಟ್ಟಿಗೆಯ ಬಾಗಿಲಿಗೆ ಬಂದರು. ತಡವರಿಸುತ್ತ ಕನ್ನಡದಲ್ಲಿ ಕೇಳಿದರು: "ನಾನು ನಕ್ಕಿದ್ದು ತಪ್ಪು ಟೀಚರೇ. ಆದ್ರೆ ಮೀಸೆ ಅಷ್ಟು ಕೆಟ್ಟದಾಗಿದೆಯಾ?"

ಅಂಗಳದ ತುಂಬ ಮಕ್ಕಳು, ಮಾಷ್‌ಗಳು. ಟೀಚರ್ ಎಲ್ಲರನ್ನೂ ಒಮ್ಮೆ ನೋಡಿ, ಇಡೀ ಶಾಲೆಗೆ ಕೇಳುವಂತೆ ಹೇಳಿದರು: "ಒಸಿ ಕತ್ರಿ ಆಡ್ಸಿದ್ರೆ ಚೆಂದಾಗ್ತದೆ ಮಾಷೇ!"