ಮೂಡಣ ಗೋಡೆಯ ಬಾಗಿಲು

ಬಿ.ಎ.ಯಲ್ಲಿ ಮನಃಶಾಸ್ತ್ರ ಓದುತ್ತಿದ್ದ ನಮ್ಮ ನಾಲ್ವರನ್ನು ಮೇಷ್ಟ್ರು ಬೇಸಿಗೆ ರಜೆಯಲ್ಲಿ ಹೊಸನಗರದ ಹತ್ತಿರದ ಒಂದು ಹೊಸ ಊರಿಗೆ ಕರೆದುಕೊಂಡು ಹೋದರು. ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಮನೆ, ಗದ್ದೆ ಮುಳುಗಿದವರು ಅಲ್ಲಿಗೆ ಬಂದು ಮನೆ ಕಟ್ಟಿಕೊಂಡಿದ್ದರು. ಹಗಲೆಲ್ಲ ನಾವು ಒಂದೊಂದು ಮನೆಯವರ ಜೊತೆ ಇರಬೇಕು, ಸಂಜೆ ಶಾಲೆಯ ಜಗಲಿಯಲ್ಲಿ ಕಂಡದ್ದನ್ನು ಮೇಷ್ಟ್ರಿಗೆ ಹೇಳಬೇಕು. ನಮ್ಮ ಪ್ರಾಕ್ಟಿಕಲ್ಸ್ ಎಂದರೆ ಅದೇ.

ನನ್ನ ಪಾಲಿಗೆ ಬಂದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಳು. ಬೆಳಿಗ್ಗೆ ಎದ್ದವಳೇ ನೇರವಾಗಿ ಹೋಗಿ ಮೂಡಣ ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದಳು. ಹಣೆ ಊದಿಕೊಂಡಿತ್ತು.

"ನೀರು ಬಂದಾಗಿಂದ ಅತ್ತೆ ತಲೆ ಸರಿ ಇಲ್ಲ. ಭೂತರಾಯಂಗೂ ಹೇಳ್ಕಂಡಾತು," ಎಂದಳು ಸೊಸೆ, ತಗ್ಗಿದ ದನಿಯಲ್ಲಿ.

ಮರೆವಿರಬಹುದೆಂದು ನಾನು ಕಲಿತ ಪ್ರಶ್ನೆಗಳನ್ನೆಲ್ಲ ಕೇಳಿದೆ. ಮೊಮ್ಮಕ್ಕಳ ಹೆಸರು, ಹೋದ ವರ್ಷದ ಮಳೆ, ಬಿತ್ತಿದ ಭತ್ತದ ಜಾತಿ, ಒಂದೂ ತಪ್ಪಲಿಲ್ಲ. ಸಂಜೆ ಇದನ್ನು ಕೇಳಿ ಮೇಷ್ಟ್ರು ಮಾರನೆಯ ಬೆಳಿಗ್ಗೆ ತಾವೇ ಬಂದರು. ಅಜ್ಜಿ ಏಳುತ್ತಲೇ ಮೆಲ್ಲಗೆ ಕೇಳಿದರು, "ಅಮ್ಮಾ, ಎಲ್ಲಿಗೆ ಹೊರಟ್ರಿ?"

"ಕೊಟ್ಟಿಗೆಗೆ. ಕರ ಕೂಗ್ತಾ ಐತಿ, ಹಾಲು ಕರೆಯದು ಬ್ಯಾಡ್ವಾ?"

ಅಜ್ಜಿಯ ಮಗ ಆ ಗೋಡೆಯ ಮೇಲೆ ಕೈಯಿಟ್ಟ. "ಹಳೇ ಮನೇಲಿ ಕೊಟ್ಟಿಗೆ ಬಾಗ್ಲು ಇದೇ ಬದಿಗಿತ್ತು ಮೇಷ್ಟ್ರೇ. ಮದುವೆಯಾಗಿ ಬಂದಾಗಿಂದ ಅವ್ವ ಓಡಾಡಿದ್ದು ಅದ್ರಲ್ಲೇ."

"ತಲೆ ಸರಿಯಾಗೇ ಇದೆ. ಕಾಲಿಗೆ ಹೊಸ ಮನೆ ರೂಢಿಯಾಗಿಲ್ಲ ಅಷ್ಟೇ," ಎಂದರು ಮೇಷ್ಟ್ರು. "ಬೆಳಿಗ್ಗೆ ಯಾರಾದ್ರೂ ಕೈ ಹಿಡಿದು ಕರ್ಕೊಂಡು ಹೋಗಿ. ನಿಧಾನಕ್ಕೆ ಕಲೀತಾರೆ."

"ಈ ವಯಸ್ಸಲ್ಲಿ ಅವ್ವಂಗೆ ಎಂತ ಕಲಿಸದು?" ಎಂದ ಮಗ. "ಗೋಡೆ ನಾನೇ ಕಟ್ಟಿದ್ದಲ್ವಾ."

ಅಂದೇ ಪಿಕಾಸಿ ಹಿಡಿದ. ನೆರೆಯವರೂ ಕೈಹಾಕಿದರು. ಮಣ್ಣಿನ ಗೋಡೆ ಕಡಿದು ಬಾಗಿಲಿನ ದಾರಂದ ಕೂರಿಸಿದರು, ಹಿತ್ತಿಲಲ್ಲಿದ್ದ ಕೊಟ್ಟಿಗೆಯನ್ನು ಕಿತ್ತು ಮೂಡಣ ಬದಿಗೆ ಕಟ್ಟಿದರು.

ನಾವು ಹೊರಡುವ ದಿನ ಎಲ್ಲರೂ ಬೆಳಗಾಗುವ ಮೊದಲೇ ಆ ಮನೆಗೆ ಹೋಗಿದ್ದೆವು. ಬಾಗಿಲಿಗೆ ಇನ್ನೂ ಕದ ಬಂದಿರಲಿಲ್ಲ. ಅಜ್ಜಿ ಎದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಮೂಡಣಕ್ಕೆ ನಡೆದಳು. ಅವಳು ಹೊಸಿಲನ್ನು ನೋಡಲೂ ಇಲ್ಲ, ದಾಟಿ ಹೋಗಿ ಹಸುವಿನ ಬೆನ್ನ ಮೇಲೆ ಕೈಯಿಟ್ಟಳು.

"ಚೊಂಬು ತಾರೇ," ಎಂದು ಸೊಸೆಯನ್ನು ಕೂಗಿದಳು, ದಿನವೂ ಕೂಗುವವಳ ಹಾಗೆ.

ಒಬ್ಬ ಮುದುಕಿಯ ಹೆಜ್ಜೆಗಾಗಿ ಇಡೀ ಮನೆಯೇ ದಿಕ್ಕು ಬದಲಿಸಿ ನಿಂತಿತ್ತು. ಪಕ್ಕದಲ್ಲಿ ಮೇಷ್ಟ್ರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದು, ಹಾಲು ಕರೆಯುವ ಸದ್ದನ್ನು ಕೇಳುತ್ತ ನಿಂತಿದ್ದರು.