ಹೆಲ್ಮೆಟ್ಟಿನ ಕಣ್ಣಿಗೆ ಮೂರು ಬೆರಳು ವಿಭೂತಿ

ಬೆಳಗಿನ ಆರೂವರೆ. ಹೈದರಾಬಾದಿನ ಲಿಂಗಂಪಲ್ಲಿಯ ಆಚೆ ಏಳುತ್ತಿರುವ ಕಟ್ಟಡವೊಂದರ ಒಂಬತ್ತನೇ ಮಹಡಿಯಲ್ಲಿ ಮೌನಪ್ಪ ತಮ್ಮ ಹತ್ಯಾರಗಳನ್ನು ಖಾಲಿ ಸಿಮೆಂಟು ಚೀಲದ ಮೇಲೆ ಸಾಲಾಗಿ ಇಡುತ್ತಾರೆ. ಅಂಗಿಯ ಜೇಬಿನಿಂದ ವಿಭೂತಿ ಗಟ್ಟಿ ಬರುತ್ತದೆ. ಒದ್ದೆ ಮಾಡಿದ ಮೂರು ಬೆರಳಿನಲ್ಲಿ ಕರಣಿಗೆ ಮೂರು ಗೆರೆ, ಗೋಡೆಯ ನೇರ ನೋಡುವ ತೂಕದ ಗುಂಡಿಗೆ ಮೂರು ಗೆರೆ, ಗೋಡೆ ಉಜ್ಜುವ ಹಲಗೆಗೆ ಮೂರು ಗೆರೆ. ಕೊನೆಗೆ ಹಳದಿ ಹೆಲ್ಮೆಟ್ಟು. ಬೆರಳು ಅದರ ಹಣೆಯಲ್ಲಿರುವ ಪುಟ್ಟ ಕ್ಯಾಮೆರಾದ ತನಕ ಹೋಗಿ, ತಡೆದು, ಹಿಂದಕ್ಕೆ ಸರಿದು, ಹೆಲ್ಮೆಟ್ಟಿನ ಬೆನ್ನಿಗೆ ಗೆರೆ ಎಳೆಯುತ್ತದೆ.

"ಇನ್ನೂ ತಲಿಗೆ ಹತ್ತವಲ್ದ್ರಿ," ಎನ್ನುತ್ತಾರೆ ಮೌನಪ್ಪ. "ಕಣ್ಣು ಮುಂದೈತಿ, ವಿಭೂತಿ ಹಿಂದ ಹಚ್ಚಬೇಕಂತ. ಬೆನ್ನಿಗೆ ಹಚ್ಚಿಸ್ಕೊಳ್ಳೋ ದೇವ್ರು ಎಲ್ಲಿ ಅದಾನ್ರಿ?"

ಸುರಪುರದ ಕಡೆಯ ಈ ಐವತ್ನಾಲ್ಕರ ಗಿಲಾವು ಮೇಸ್ತ್ರಿ ಹೈದರಾಬಾದಿಗೆ ಬಂದು ಇಪ್ಪತ್ತೇಳು ವರ್ಷವಾಯಿತು. ದಿನಕ್ಕೆ ನೂರಿಪ್ಪತ್ತು ಚದರ ಅಡಿ ಗೋಡೆಗೆ ಗಿಲಾವು ಮಾಡುತ್ತಾರೆ. ಹೆಂಡತಿ ಗುಂಡಮ್ಮ ಸಿಮೆಂಟು ಕಲಸಿ ಕೊಡುತ್ತಾರೆ, ಗೋಡೆಗೆ ನೀರು ಹೊಡೆಯುತ್ತಾರೆ. ಒಣ ಇಟ್ಟಿಗೆಗೆ ಬಳಿದ ಗಿಲಾವು ನಿಲ್ಲುವುದಿಲ್ಲ. ಇಟ್ಟಿಗೆ ಸಿಮೆಂಟಿನ ನೀರನ್ನೇ ಕುಡಿದುಬಿಡುತ್ತದೆ, ಆಮೇಲೆ ಒಳಗೆಲ್ಲ ಪೊಳ್ಳು. ಇಷ್ಟು ವರ್ಷದಲ್ಲಿ ಎಷ್ಟು ಮನೆಗಳ ಗೋಡೆ ಆಗಿರಬಹುದು ಎಂದರೆ ಮೌನಪ್ಪ ಗುಂಡಮ್ಮನ ಮುಖ ನೋಡುತ್ತಾರೆ, ಗುಂಡಮ್ಮ ಆಕಾಶ ನೋಡುತ್ತಾರೆ.

ಈ ಬೇಸಿಗೆಯಲ್ಲಿ ಕಂಪನಿಯವರು ಮೇಸ್ತ್ರಿಗಳ ಹೆಲ್ಮೆಟ್ಟಿಗೆ ಕ್ಯಾಮೆರಾ ಕೂರಿಸಿದರು. ಕೆಲಸ ಸರಿಯಾಗಿ ನಡೆಯುತ್ತದೆಯೋ ಇಲ್ಲವೋ ಎಂದು ಆಮೇಲೆ ನೋಡಲು. ಕೂರಿಸುವ ಹೊಣೆ ಗುಣಮಟ್ಟ ನೋಡುವ ಎಂಜಿನಿಯರ್ ಜಯತೀರ್ಥ ಅವರದು. ಮೂರು ತಲೆಮಾರಿನಿಂದ ಬೇಗಂಪೇಟೆಯಲ್ಲಿರುವ ಕನ್ನಡ ಮನೆತನ. ಆಫೀಸಿನಲ್ಲಿ ತೆಲುಗು, ಮೌನಪ್ಪನ ಹತ್ತಿರ ಮಾತ್ರ ಕನ್ನಡ.

ಮೊದಲ ದಿನ ಕ್ಯಾಮೆರಾ ಕೂರಿಸಿದ್ದು ಮಧ್ಯಾಹ್ನ, ವಿಡಿಯೋದಲ್ಲಿ ಬರೀ ಸೀಲಿಂಗು. ಬಿಸಿಲಿಗೆಂದು ಮೌನಪ್ಪ ತಲೆಗೆ ಟವೆಲ್ಲು ಸುತ್ತಿ ಮೇಲೆ ಹೆಲ್ಮೆಟ್ಟು ಇಟ್ಟಿದ್ದರು. ಕ್ಯಾಮೆರಾ ಮೂಗು ಮೇಲೆ ಮಾಡಿ ಕೂತಿತ್ತು. ಮರುದಿನ ಬೆಳಿಗ್ಗೆ ಕೆಲಸಕ್ಕೆ ಮೊದಲೇ ಜಯತೀರ್ಥ ಮೌನಪ್ಪನನ್ನು ಟವೆಲ್ಲಿನ ಸಮೇತ ಗೋಡೆಯೆದುರು ನಿಲ್ಲಿಸಿ, ಕ್ಯಾಮೆರಾ ಕಂಡದ್ದನ್ನು ಮೊಬೈಲಿನಲ್ಲಿ ನೋಡುತ್ತ, ಎರಡೂ ಕೈ ಕಾಣುವ ತನಕ ಅದನ್ನು ಕೆಳಕ್ಕೆ ಬಾಗಿಸಿ ಸ್ಕ್ರೂ ಬಿಗಿದರು. ಚಿತ್ರ ಕನ್ನಡಿಯಂತಿತ್ತು. ರೆಕಾರ್ಡಿಂಗಿನ ಕೆಂಪು ದೀಪ ಹತ್ತಿಸಿ ಹೆಲ್ಮೆಟ್ಟನ್ನು ಕೈಗೆ ಕೊಟ್ಟರು.

ಸಂಜೆ ನೋಡಿದರೆ ವಿಡಿಯೋ ತುಂಬ ಮಂಜು!

ಏಪ್ರಿಲ್ ತಿಂಗಳ ಹೈದರಾಬಾದಿನಲ್ಲಿ ಮಂಜೆಲ್ಲಿಂದ ಬರಬೇಕು? ಫೋಕಸ್ ಕೆಟ್ಟಿದೆ ಎಂದುಕೊಂಡರು. ಹುಡುಕಿದರೆ ಆ ಕ್ಯಾಮೆರಾಕ್ಕೆ ಫೋಕಸ್ ತಿರುಗಿಸುವ ವ್ಯವಸ್ಥೆಯೇ ಇಲ್ಲ. ಹತ್ತಿರದ್ದು ದೂರದ್ದು ಎಲ್ಲವನ್ನೂ ತಾನೇ ನೋಡಿಕೊಳ್ಳುವಂಥದ್ದು. ಲೆನ್ಸು ನೋಡಿದರೆ ಹೊಳೆಯುತ್ತಿದೆ. ಹೊಸ ಕ್ಯಾಮೆರಾ ತರಿಸಿದರು, ಅದಕ್ಕೂ ಅದೇ ರೋಗ. ಉಳಿದ ಮೇಸ್ತ್ರಿಗಳದೆಲ್ಲ ಸರಿ, ಇವರದೊಂದೇ ಮಸುಕು. ಹೀಗೆ ಹನ್ನೊಂದು ದಿನ. ಬಟನ್ನುಗಳನ್ನೆಲ್ಲ ಒತ್ತಿ ಒತ್ತಿ ಜಯತೀರ್ಥರಿಗೆ ಹುಚ್ಚು ಹಿಡಿಯುವುದೊಂದು ಬಾಕಿ. ಮೌನಪ್ಪನಿಗೂ ಗಾಬರಿ. "ನನ್ನ ಕಣ್ಣೇ ಮಂಜಾಗ್ಯಾವೇನೋ, ಅದಕ್ಕ ಅದಕ್ಕೂ ಹಂಗ ಕಾಣತೈತೇನೋ ಅಂತ ದವಾಖಾನಿಗೂ ಹೋಗಿ ಬಂದ್ನಿರಿ," ಎನ್ನುತ್ತಾರೆ. ಗುಂಡಮ್ಮ ಸೆರಗು ಬಾಯಿಗಿಟ್ಟು ನಗುತ್ತಾರೆ.

ಆಗ ನಗುವ ಹಾಗಿರಲಿಲ್ಲ. ಹನ್ನೆರಡನೇ ದಿನ ಆರನೇ ಮಹಡಿಯಲ್ಲಿ ಅವರು ಗಿಲಾವು ಮಾಡಿದ ಒಂದು ಗೋಡೆ, ತಟ್ಟಿದರೆ ಪೊಳ್ಳು ಎಂದಿತು. ನೀರು ಹೊಡೆಯದೆ ಬಳಿದಿದ್ದಾರೆ ಎಂದು ಕಂಪನಿಯ ದೊಡ್ಡ ಸಾಹೇಬರ ತೀರ್ಮಾನ. ಆ ಗೋಡೆ ಬಳಿದ ದಿನದ ವಿಡಿಯೋ ನೋಡೋಣವೆಂದರೆ ಅದೇ ಮಂಜು. ಜಯತೀರ್ಥರಿಗೂ ಅನುಮಾನ ಹೊಕ್ಕಿತು.

"ಖರೇ ಹೇಳ್ರಿ ಮೌನಪ್ಪ, ಬೇಕಂತನ ಮುಚ್ಚಾಕತ್ತೀರೇನು? ನಾಳಿಂದ ಬರಬ್ಯಾಡ ಅಂತ ನಿಮಗ ಹೇಳಂದಾರ ದೊಡ್ಡ ಸಾಹೇಬ್ರು."

"ನಾ ಯಾಕ ಮುಚ್ಚಲ್ರಿ ಸಾಹೇಬ್ರ? ದಿನಾ ಸಂಜಿಕ ಒರಸೇ ಕೊಡ್ತೀನಲ್ರಿ ನಿಮಗ!"

ಒರೆಸುತ್ತಿದ್ದುದು ನಿಜ. ಕರಣಿಯಾಗಲಿ ಹಲಗೆಯಾಗಲಿ, ಸಂಜೆ ತೊಳೆದು ಒರೆಸಿ ಇಡದ ಮೇಸ್ತ್ರಿ ಮೇಸ್ತ್ರಿಯೇ ಅಲ್ಲ. ಆದರೆ ಒರೆಸುವುದಕ್ಕೆ ಅಲ್ಲಿ ಏನಿತ್ತು?

ಜಯತೀರ್ಥ ಯಾವಾಗಲೂ ವಿಡಿಯೋವನ್ನು ಓಡಿಸಿ ಓಡಿಸಿ ನಡುವಿನಿಂದ ನೋಡುತ್ತಿದ್ದರು. ಅಂದು ಮಾತ್ರ, ಒಬ್ಬರ ಅನ್ನದ ಪ್ರಶ್ನೆ ಎಂದು, ಗಂಡ ಹೆಂಡತಿ ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಮೊದಲಿನಿಂದ ಹಚ್ಚಿದರು. ಸ್ವಚ್ಛ ಚಿತ್ರ. ಹೆಲ್ಮೆಟ್ಟನ್ನು ಎದುರಿಗೆ ಹಿಡಿದುಕೊಂಡ ಮೌನಪ್ಪನ ಮುಖ, ಮುಚ್ಚಿದ ಕಣ್ಣು, ಅಲುಗುವ ತುಟಿ. ಆಮೇಲೆ ಬೂದಿ ಮೆತ್ತಿದ ಮೂರು ಬೆರಳು ದೊಡ್ಡದಾಗುತ್ತಾ ಬಂದು, ಪರದೆಯೆಲ್ಲ ಬೆಳ್ಳಗಾಯಿತು.

"ಅಯ್ಯೋ ಶಿವನೇ!" ಎಂದರು ಗುಂಡಮ್ಮ.

ಜಯತೀರ್ಥ ಹಣೆ ಚಚ್ಚಿಕೊಂಡರು. "ನಾವು ಗೋಪೀಚಂದನದ ಮಂದಿ ನೋಡ್ರಿ, ವಿಭೂತಿ ಲೆಕ್ಕಕ್ಕ ಬರಲೇ ಇಲ್ಲ!" ನಗುತ್ತಲೇ ಅವರು ವಿಡಿಯೋ ನಿಲ್ಲಿಸಲು ಹೋದರು. ಅಷ್ಟರಲ್ಲಿ ಮಂಜಿನೊಳಗಿಂದ ಮೌನಪ್ಪನ ದನಿ: "ಗುಂಡವ್ವಾ, ನೀರ ಹೊಡಿ." ಛಳ್ ಎಂದು ನೀರು. "ಇನ್ನೊಮ್ಮಿ ಹೊಡಿ, ಗ್ವಾಡಿ ಕುಡ್ಯಾಕತ್ತೈತಿ." ಮತ್ತೆ ಛಳ್. "ಸಾಕಾಗಿಲ್ಲ, ಇನ್ನೊಮ್ಮಿ." ಮೂರು ಸಲ. ಜಯತೀರ್ಥ ನಗು ನಿಲ್ಲಿಸಿ, ಅದನ್ನು ಮತ್ತೆ ಹಿಂದಕ್ಕೆ ಓಡಿಸಿ ಕೇಳಿದರು. ಮೊಬೈಲನ್ನು ಹಾಗೆಯೇ ಒಯ್ದು ದೊಡ್ಡ ಸಾಹೇಬರ ಕಿವಿಗೆ ಹಿಡಿದರು. ಆಮೇಲೆ ಗೋಡೆ ಒಡೆಸಿ ನೋಡಿದಾಗ, ಗಿಲಾವು ಒಣಗುವ ಮೊದಲೇ ವೈರಿನ ಪೈಪಿಗೆಂದು ಯಾರೋ ಗೋಡೆಯ ಆಚೆ ಬದಿಯಿಂದ ಸುತ್ತಿಗೆ ಹೊಡೆದು ಅದನ್ನು ಇಟ್ಟಿಗೆಯಿಂದ ಬಿಡಿಸಿದ್ದು ಗೊತ್ತಾಯಿತು. ಮೌನಪ್ಪನ ಕೆಲಸ ಉಳಿಯಿತು. ವಿಭೂತಿ ಹೆಲ್ಮೆಟ್ಟಿನ ಬೆನ್ನಿಗೆ ಹೋಯಿತು.

ಈಗ ವಿಡಿಯೋ ಚೆನ್ನಾಗಿ ಬರುತ್ತದೆ. ಮೌನಪ್ಪನ ಗೊಂದಲ ಮಾತ್ರ ಮುಗಿದಿಲ್ಲ. ಕೈ ಕಾಣುತ್ತದೆ, ಕರಣಿ ಕಾಣುತ್ತದೆ, ಗೋಡೆ ಕಾಣುತ್ತದೆ. ಕ್ಯಾಮೆರಾ ಅತ್ತ ಮುಖ ಮಾಡಿರುವಾಗ ಇವರು ಬೆನ್ನಿಗೆ ವಿಭೂತಿ ಹಚ್ಚುವುದರಿಂದ, ಮುಖವೊಂದು ಯಾವ ದಿನವೂ ಕಾಣುವುದಿಲ್ಲ. ಹಳೆಯ ವಿಡಿಯೋಗಳನ್ನು ತಿಂಗಳಿಗೊಮ್ಮೆ ಅಳಿಸುತ್ತಾರೆಂದು ಗೊತ್ತಾದಾಗ ಅವರು ಜಯತೀರ್ಥರ ಹತ್ತಿರ ಹೋಗಿ ನಿಂತಿದ್ದರು.

"ಇಪ್ಪತ್ತೇಳು ವರ್ಷದಾಗ ಯಾವ ಗ್ವಾಡಿ ಮ್ಯಾಲೂ ನನ್ನ ಹೆಸರಿಲ್ರಿ, ಇರೋದೂ ಬ್ಯಾಡ," ಎನ್ನುತ್ತಾರೆ ಮೌನಪ್ಪ, ಟವೆಲ್ಲಿನ ಮೇಲೆ ಹೆಲ್ಮೆಟ್ಟು ಕೂರಿಸುತ್ತ. "ಆದ್ರ ಕೆಲಸಕ್ಕ ನಿಂತಾಗ ನನ್ನ ಮಾರಿ ಹೆಂಗಿರತೈತಿ ಅಂತ ಅವತ್ತೇ ನೋಡಿದ್ದು ನಾನು. ಅದೊಂದು ವಿಡಿಯೋ ಅಳಸಬ್ಯಾಡ್ರಿ ಅಂತ ಕೇಳಿ ಬಂದೀನ್ರಿ."

ಗುಂಡಮ್ಮ ಬಕೆಟ್ಟು ಎತ್ತುತ್ತಾರೆ. ಒಂಬತ್ತನೇ ಮಹಡಿಯ ಇಟ್ಟಿಗೆ ಗೋಡೆಯ ಮೇಲೆ ಇವತ್ತಿನ ಮೊದಲ ನೀರು ಬೀಳುತ್ತದೆ.

"ಇನ್ನೊಮ್ಮಿ ಹೊಡಿ," ಎನ್ನುತ್ತಾರೆ ಮೌನಪ್ಪ, ಎಂದಿಗಿಂತ ಸ್ವಲ್ಪ ಜೋರಾಗಿಯೇ.