ಊರಿನ ಸಿಟ್ಟನ್ನೆಲ್ಲ ನೆನೆಹಾಕುವ ಕಾಗದದಕ್ಕ

ಬೆಳಗಿನ ಐದೂವರೆ. ಯೋಗಶಾಲೆಯ ಹಿಂದಿನ ತೊಟ್ಟಿಯಲ್ಲಿ ಮೊಣಕೈವರೆಗೆ ಕೈ ಮುಳುಗಿಸಿ ಕಾಗದದಕ್ಕ ಊರಿನ ಸಿಟ್ಟನ್ನೆಲ್ಲ ಕಿವುಚುತ್ತಿದ್ದಾರೆ. ಇದರಲ್ಲಿ ಸಾಸಿವೆಯಷ್ಟೂ ಉತ್ಪ್ರೇಕ್ಷೆಯಿಲ್ಲ. ನಿನ್ನೆ ಸಂಜೆಯ ಶಿಬಿರದಲ್ಲಿ ಮೂವತ್ತೆಂಟು ಮಂದಿ ಕಣ್ಣುಮುಚ್ಚಿ ಕೂತು, ಮನಸ್ಸನ್ನು ಕೊರೆಯುತ್ತಿದ್ದವರ ಮುಖಗಳನ್ನು ಬಣ್ಣದಲ್ಲಿ ಬಿಡಿಸಿ, ಚಿತ್ರವನ್ನು ಅಲ್ಲೇ ಬಿಟ್ಟು ಹೂವಿನಷ್ಟು ಹಗುರಾಗಿ ಮನೆಗೆ ಹೋಗಿದ್ದಾರೆ. ಅವರ ಅತ್ತೆಯರು, ಮೇಲಧಿಕಾರಿಗಳು, ಕೈಕೊಟ್ಟ ಗೆಳೆಯರು ಈಗ ಒಬ್ಬೊಬ್ಬರಾಗಿ ಒಂದೇ ತೊಟ್ಟಿಯಲ್ಲಿ ಕಲಸಿಹೋಗುತ್ತಿದ್ದಾರೆ.

"ಬಿಟ್ಟುಬಿಡಿ, ಬಿಟ್ಟುಬಿಡಿ ಅಂತಾರೆ ಗುರುಗಳು. ಇವರೂ ಬಿಟ್ಟು ಹೋಗ್ತಾರೆ. ಬಿಟ್ಟಿದ್ದನ್ನ ಬಾಚೋಕೆ ಇವರಜ್ಜ ಬರ್ತಾನಾ?" ಎನ್ನುತ್ತಾರೆ ಅಕ್ಕ. ಆ ದನಿಗೆ ಗೋಡೆಯ ಸುಣ್ಣ ಉದುರಬೇಕು.

ಗುರುಗಳು ಇದಕ್ಕೆ ಅಪರಿಗ್ರಹ ಎನ್ನುತ್ತಾರೆ: ಯಾವುದನ್ನೂ ಕೂಡಿಡಬಾರದು, ನೋವನ್ನಂತೂ ಇಡಲೇಬಾರದು. ಅಕ್ಕ ಅದನ್ನು ಒಂಬತ್ತು ವರ್ಷಗಳಿಂದ ಕೈಯಾರೆ ಮಾಡುತ್ತಿದ್ದಾರೆ. ಚಿತ್ರಗಳನ್ನು ಹರಿದು, ನೆನೆಸಿ, ಅರೆದು, ಜರಡಿ ಚೌಕಟ್ಟಿನಲ್ಲಿ ಎತ್ತಿ, ಬಟ್ಟೆಯ ಮೇಲೆ ಒಣಹಾಕುತ್ತಾರೆ. ದಿನಕ್ಕೆ ನಲವತ್ತು ಹಾಳೆ. ಮುಂದಿನ ತಂಡ ಅಳುವುದು ಹಿಂದಿನ ತಂಡದ ಸಿಟ್ಟಿನ ಮೇಲೆಯೇ. ಜೊತೆಗೆ ಮೂವತ್ತೆಂಟು ಚಾಪೆ ಒರೆಸಬೇಕು, ನೆಲದ ಬಣ್ಣ ಉಜ್ಜಬೇಕು. "ಕೋಪ ಬಂದ್ರೆ ಕಾಗದದ ಮೇಲೆ ಬಳೀರಿ ಮಾರಾಯ್ರೇ, ಕಿಟಕಿಗೆ ಯಾಕೆ?"

ಆಸನ ಹಾಕುತ್ತೀರಾ ಎಂದರೆ ಕೆಂಡವಾಗುತ್ತಾರೆ. "ದಿನವಿಡೀ ಕುಕ್ಕರಗಾಲಲ್ಲಿ ಇರೋದು ಮತ್ತೇನು, ಸಿಂಹಾಸನಾನಾ?"

ಮೊದಲು ಹದಿನಾಲ್ಕು ವರ್ಷ ಕೈಕಾಗದದ ಕಾರ್ಖಾನೆಯಲ್ಲಿದ್ದರು. ಅದು ಮುಚ್ಚಿದ ವರ್ಷವೇ ಅಮ್ಮ ಹಾಸಿಗೆ ಹಿಡಿದರು. ಅಕ್ಕ ಹೋಗಿ ಆರು ತಿಂಗಳು ಅಮ್ಮನ ಮಗ್ಗುಲು ಬದಲಿಸಿದರು. ಅಮ್ಮ ಕಣ್ಣುಮುಚ್ಚಿದ ಮೂರನೇ ದಿನ ತಂಗಿ ಅಂದಳು: "ಕೆಲಸ ಹೋಯ್ತು ಅಂತ ತಾನೇ ನೀನು ಅಮ್ಮನ ಹತ್ರ ಬಂದಿದ್ದು?" ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ. ತಂಗಿಯ ಮನೆ ಎರಡು ಬೀದಿ ಆಚೆ.

ತೊಟ್ಟಿಯ ಪಕ್ಕ ಯಾರೋ ಕೆಮ್ಮುತ್ತಾರೆ. ಬ್ಯಾಂಕಿನ ಅಧಿಕಾರಿಯೊಬ್ಬರು, ಬೂಟು ಕೈಯಲ್ಲಿ ಹಿಡಿದು ನಿಂತಿದ್ದಾರೆ. ನಿನ್ನೆ ಅಪ್ಪನ ಮುಖ ಬಿಡಿಸಿದ್ದರಂತೆ, ವಾಪಸ್ ಬೇಕಂತೆ. ಇಂಥವರು ವಾರಕ್ಕೆ ನಾಲ್ವರಾದರೂ ಬರುತ್ತಾರೆ.

"ಬಿಟ್ಟಿದ್ದು ಬಿಟ್ಟಿದ್ದೇ ಸಾರ್. ಇಲ್ಲಿ ಅದೇ ನಿಯಮ."

"ಒಂದೇ ಸಲ ನೋಡ್ತೀನಿ ಅಕ್ಕಾ."

"ನಿನ್ನೆ ಎರಡು ಗಂಟೆ ನೋಡಿದ್ರಲ್ಲ? ಅತ್ತಿದ್ದಾಯ್ತು, ಗುರುಗಳು ಬೆನ್ನು ತಟ್ಟಿದ್ದಾಯ್ತು. ಈಗ ಮತ್ತೆ ಬೇಕಾ?"

ಅವರು ಕದಲುವುದಿಲ್ಲ. ಮೆಲ್ಲಗೆ ಕೇಳುತ್ತಾರೆ: "ನಾನು ಮೊದಲ ಸಲ ಬಂದಿದ್ದ ಶಿಬಿರದಲ್ಲಿ ನಮ್ಮ ಜೊತೆ ನೀವೂ ಕೂತಿದ್ರಿ. ನಿಮ್ಮ ಚಿತ್ರ ನೆನೆಹಾಕಿದ್ರಾ?"

ಕಾಗದದಕ್ಕನ ಕಣ್ಣು ತೊಟ್ಟಿ ಬಿಟ್ಟು ಮೂಲೆಯ ಕಪಾಟಿನ ಮೇಲಕ್ಕೆ ಹೋಗುತ್ತದೆ.

ಕೆಲಸದವರೂ ಒಮ್ಮೆ ಕೂರಲೇಬೇಕೆಂದು ಗುರುಗಳು ಹಟ ಹಿಡಿದಿದ್ದರು. ಅಕ್ಕ ಗೊಣಗುತ್ತಲೇ ಕುಂಚ ಹಿಡಿದಿದ್ದರು. ನಾಲ್ಕು ತಿಂಗಳಾಯಿತು. ಸೀಮೆಯ ಸಿಟ್ಟನ್ನೆಲ್ಲ ಕಿವುಚಿದ ಕೈಗೆ ಆ ಒಂದು ಹಾಳೆಯನ್ನು ಮಾತ್ರ ಹರಿಯಲಾಗಿಲ್ಲ.

ಅಕ್ಕ ಕೈ ಒರೆಸಿಕೊಳ್ಳುತ್ತಾರೆ. ಇನ್ನೂ ಹರಿಯದ ಕಟ್ಟಿನಿಂದ ಅಪ್ಪನ ಮುಖದ ಹಾಳೆ ಎಳೆದು ಅಧಿಕಾರಿಯ ಕೈಗೆ ತುರುಕುತ್ತಾರೆ. "ಹೋಗಿ, ಹೋಗಿ. ಗುರುಗಳಿಗೆ ಹೇಳಿದ್ರೆ ನಿಮ್ಮನ್ನೇ ನೆನೆಹಾಕ್ತೀನಿ!"

ಆಮೇಲೆ ಸ್ಟೂಲು ಹತ್ತಿ, ಕಪಾಟಿನ ಮೇಲಿಂದ ತಮ್ಮ ಹಾಳೆ ಇಳಿಸುತ್ತಾರೆ. ಚಿತ್ರದಲ್ಲಿ ತಂಗಿ. ಹುಬ್ಬು ಗಂಟಿಕ್ಕಿದೆ, ತುಟಿ ಬಿಗಿದಿದೆ, ಮೂಗು ಮಾತ್ರ ಮುಖದ ಅರ್ಧ ಜಾಗ ಹಿಡಿದು ಕೂತಿದೆ. ಅಕ್ಕ ಅದನ್ನು ದೂರ ಹಿಡಿದು, ಹತ್ತಿರ ತಂದು, ಮತ್ತೆ ದೂರ ಹಿಡಿಯುತ್ತಾರೆ. ತೊಟ್ಟಿಯತ್ತ ಹೋಗುವುದಿಲ್ಲ. ನಾಲ್ಕಾಗಿ ಮಡಚಿ ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಮೆಟ್ಟುತ್ತಾರೆ.

"ಥೂ, ಮೂಗು ಸರಿಯಾಗಿ ಬಂದೇ ಇಲ್ಲ" ಎಂದು ರೇಗುತ್ತಾರೆ. "ಎರಡೇ ಬೀದಿ. ಒಂದ್ಸಲ ನೋಡ್ಕೊಂಡು ಬರ್ತೀನಿ."